ಯಾಜಕಕಾಂಡದಲ್ಲಿ ನಿಂತುಹೋಗುವವರಿಗೆ: ಹಳೆಯ ಒಡಂಬಡಿಕೆ ಓದುವ ಸಮಗ್ರ ಮಾರ್ಗದರ್ಶಿ

ಪ್ರತಿ ಹೊಸ ವರ್ಷಕ್ಕೆ ನಮ್ಮ ಮನೆಕೂಟದಲ್ಲಿ ಯಾರಾದರೂ ಎದ್ದು ನಿಂತು, ಈ ಸಲ ಇಡೀ ಸತ್ಯವೇದ (ಬೈಬಲ್) ಓದಿ ಮುಗಿಸುತ್ತೇನೆ ಎನ್ನುತ್ತಾರೆ. ಫೆಬ್ರುವರಿ ಕೊನೆಗೆ ಕೇಳಿದರೆ ಮಾತು ಬದಲಿಸುತ್ತಾರೆ. ಬೆಳಗಾವಿ ಕ್ಯಾಂಪ್ ಹತ್ತಿರ ನಡೆಯುವ ನಮ್ಮ ಗುರುವಾರದ ಕೂಟಕ್ಕೆ ಬರುವ ಒಬ್ಬರು ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿದರು: "ಅಣ್ಣಾರ, ಆದಿಕಾಂಡ ಸಿನಿಮಾ ನೋಡಿದಂಗ ಓಡ್ತ್ರಿ. ಆ ಗುಡಾರದ ಪರದೆ, ಕೊಂಡಿ, ಹಲಗಿ ಬಂದ್ವು ನೋಡ್ರಿ, ಅಲ್ಲೇ ಕುಂತಬಿಟ್ಟೆ."

ನಾನೂ ಅಲ್ಲೇ ಕೂತಿದ್ದೇನೆ, ಒಂದಲ್ಲ ಮೂರು ಸಲ. ಹೆಚ್ಚಿನವರು ಬಿಡುವುದು ದೇವರ ಆರಾಧನೆಯ ಗುಡಾರದ ವಿವರ ಶುರುವಾಗುವ ವಿಮೋಚನಕಾಂಡದ 25ನೇ ಅಧ್ಯಾಯಕ್ಕೂ ಯಾಜಕಕಾಂಡದ 10ನೇ ಅಧ್ಯಾಯಕ್ಕೂ ನಡುವೆ. ಬಿಟ್ಟವರು ತಮ್ಮ ಭಕ್ತಿ ಕಡಿಮೆ ಅಂದುಕೊಳ್ಳುತ್ತಾರೆ. ಭಕ್ತಿಗೂ ಇದಕ್ಕೂ ಸಂಬಂಧವಿಲ್ಲ. ಓದುವ ಕ್ರಮ ತಪ್ಪಿದೆ, ಅಷ್ಟೇ. ಹಳೆಯ ಒಡಂಬಡಿಕೆ, ಅಂದರೆ ಸತ್ಯವೇದದಲ್ಲಿ ಯೇಸುವಿಗಿಂತ ಮುಂಚಿನ ಭಾಗ, ಮೊದಲ ಪುಟದಿಂದ ಕೊನೆಯ ಪುಟದ ತನಕ ಓದುವ ಕಾದಂಬರಿಯಲ್ಲ. ಕಥೆ, ಕಾನೂನು, ಹಾಡು, ಗಾದೆ, ಪ್ರವಾದನೆ ಎಲ್ಲ ಸೇರಿದ 39 ಪುಸ್ತಕಗಳ ಕಪಾಟು ಅದು. ಕಪಾಟಿನ ಎಡಗಡೆಯಿಂದ ಸಾಲಾಗಿ ಓದುತ್ತಾ ಹೋಗುವವರು ಯಾರೂ ಇಲ್ಲ ಅಲ್ವಾ?

ಕೆಳಗಿನ ಕ್ರಮದಲ್ಲಿ ಓದಿದವರು ನಮ್ಮಲ್ಲಿ ಮುಗಿಸಿದ್ದಾರೆ. ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ.

ಶುರು ಮಾಡುವ ಮುಂಚೆ: ಏನೇನು ಬೇಕು

ವಚನಗಳ ಪಕ್ಕದಲ್ಲೋ ಪುಟದ ಕೆಳಗೋ ಸಣ್ಣಕ್ಷರದಲ್ಲಿ ಬೇರೆ ವಚನಗಳ ಸೂಚನೆ ಇರುವ ಒಂದು ಸತ್ಯವೇದ. ಈ ಸೂಚನೆಗಳು ಇಲ್ಲದಿದ್ದರೆ ಅರ್ಧ ಕೆಲಸ ನಿಂತಂತೆ. 200 ಪುಟದ ಒಂದು ನೋಟ್‌ಬುಕ್. ನೀಲಿ, ಕೆಂಪು ಎರಡು ಪೆನ್ನು. ದಿನಕ್ಕೆ 25 ನಿಮಿಷ.

ಮೊಬೈಲ್‌ನಲ್ಲಿ ಓದಿದರೆ ಆಗುವುದಿಲ್ಲವೇ ಎಂದು ಹುಡುಗರು ಕೇಳುತ್ತಾರೆ. ವಚನ ಹುಡುಕಲು ಮೊಬೈಲ್ ಒಳ್ಳೆಯದು. ಓದಲು ಪುಸ್ತಕವೇ ಇರಲಿ. ಮೂರು ಕಡೆ ಬೆರಳಿಟ್ಟು ಹಿಂದೆ ಮುಂದೆ ತಿರುಗಿಸುವ ಕೆಲಸ ಇದರಲ್ಲಿ ಜಾಸ್ತಿ.

ಹೀಬ್ರೂ ಭಾಷೆ ಬರಬೇಕಿಲ್ಲ. ದಪ್ಪ ದಪ್ಪ ವ್ಯಾಖ್ಯಾನದ ಪುಸ್ತಕಗಳೂ ಮೊದಲ ಆರು ತಿಂಗಳು ಬೇಡ. ಅವು ಕೈಯಲ್ಲಿದ್ದರೆ ಮೂಲ ಓದುವ ಬದಲು ಅವುಗಳನ್ನೇ ಓದುತ್ತೀರಿ.

ಕಥೋಲಿಕರ ಸತ್ಯವೇದದಲ್ಲಿ ಈ ಭಾಗದಲ್ಲಿ 46 ಪುಸ್ತಕಗಳಿವೆ. ಯೆಹೂದ್ಯರು ನಮ್ಮ ಇದೇ 39ನ್ನು 24 ಎಂದು ಎಣಿಸುತ್ತಾರೆ, ಸಾಲಿನ ಕ್ರಮವೂ ಬೇರೆ. ಮನೆಯಲ್ಲಿ ಎರಡು ಬಗೆಯ ಪ್ರತಿಗಳಿದ್ದರೆ ಗೊಂದಲ ಆಗದಿರಲಿ ಎಂದು ಹೇಳಿದೆ.

ಹಂತ 1: ಮತ್ತಾಯನ ಮೊದಲ ನಾಲ್ಕು ಅಧ್ಯಾಯ, ಕೆಂಪು ಪೆನ್ನು (ಒಂದು ವಾರ)

ಹಳೆಯದನ್ನು ಓದಲು ಹೊಸ ಒಡಂಬಡಿಕೆಯ ಮೊದಲ ಪುಸ್ತಕ ಮತ್ತಾಯನಿಂದ ಶುರು ಮಾಡಿ. "ಕ್ರಿಸ್ತನು ಬಂದ ಮೇಲೆ ಹಳೆಯದು ಯಾಕೆ ಬೇಕು?" ಎಂಬ ಪ್ರಶ್ನೆಗೆ ನಾನು ಉತ್ತರ ಹೇಳುವುದಕ್ಕಿಂತ ನೀವೇ ಕಂಡುಕೊಳ್ಳುವುದು ಒಳ್ಳೆಯದು.

ಮತ್ತಾಯ 1ರಿಂದ 4ನೇ ಅಧ್ಯಾಯದ ತನಕ ಓದಿ. ಹಳೆಯ ಒಡಂಬಡಿಕೆಯ ಮಾತು ಬಂದ ಕಡೆಯೆಲ್ಲ ಕೆಂಪು ಗೆರೆ ಎಳೆಯಿರಿ. ಯೆಶಾಯ, ಮೀಕ, ಹೋಶೇಯ, ಯೆರೆಮೀಯ ಸಾಲಾಗಿ ಬರುತ್ತಾರೆ. ನಾಲ್ಕನೇ ಅಧ್ಯಾಯದಲ್ಲಿ ಸೈತಾನನಿಗೆ ಯೇಸು ಕೊಡುವ ಮೂರೂ ಉತ್ತರ ಧರ್ಮೋಪದೇಶಕಾಂಡದ 6 ಮತ್ತು 8ನೇ ಅಧ್ಯಾಯದವು. ಆಮೇಲೆ ಒಂದೊಂದನ್ನೂ ಮೂಲದಲ್ಲಿ ತೆಗೆದು, ಹಿಂದಿನ ಹತ್ತು ವಚನ, ಮುಂದಿನ ಹತ್ತು ವಚನ ಓದಿ.

ಯೇಸುವಿನ ಕೈಯಲ್ಲಿದ್ದ ಸತ್ಯವೇದ ಇದೇ. ಬೇರೆ ಇರಲಿಲ್ಲ. ಸತ್ತು ಎದ್ದು ಬಂದ ಮೇಲೂ ಆತ ಶಿಷ್ಯರಿಗೆ ವಿವರಿಸಿದ್ದು ಮೋಶೆಯ ಧರ್ಮಶಾಸ್ತ್ರ, ಪ್ರವಾದಿಗಳು, ಕೀರ್ತನೆಗಳನ್ನು (ಲೂಕ 24:44). ಕುರಿಮರಿ, ಪಸ್ಕ (ಐಗುಪ್ತದ ಬಿಡುಗಡೆ ನೆನೆಯುವ ಹಬ್ಬ), ಯಾಜಕ, ಅಭಿಷಿಕ್ತ, ಒಡಂಬಡಿಕೆ, ಈ ಮಾತುಗಳ ಅರ್ಥವೆಲ್ಲ ಹಿಂದಿನ 39 ಪುಸ್ತಕದಲ್ಲಿ ಕೂತಿದೆ. ಅಧ್ಯಾಯ ಲೆಕ್ಕ ಹಾಕಿದರೆ ಹಿಂದಿನದು 929, ಹೊಸದು 260.

ತಪ್ಪು ಆಗುವ ಜಾಗ: ಹೋಶೇಯ 11:1 ತೆಗೆದಾಗ ಅಲ್ಲಿ ಮಗು ಯೇಸುವಿನ ಸುದ್ದಿ ಇರುವುದಿಲ್ಲ. ಐಗುಪ್ತದಿಂದ (ಈಜಿಪ್ಟ್) ಹೊರಟ ಇಸ್ರಾಯೇಲ್ ಜನರ ಮಾತಿದೆ. ಮತ್ತಾಯ ತಪ್ಪು ಬರೆದನೇ ಎಂದು ಗಾಬರಿಯಾಗಬೇಡಿ. ಆ ಜನರ ಹಾದಿಯನ್ನೇ ಯೇಸು ಮತ್ತೆ ನಡೆದನು ಎಂಬುದು ಮತ್ತಾಯನ ಮಾತು. ನೋಟ್‌ಬುಕ್‌ನಲ್ಲಿ ಬರೆದಿಡಿ, ಮುಂದೆ ಇಂಥದ್ದು ತುಂಬ ಸಿಗುತ್ತದೆ.

ಹಂತ 2: ಕಾಲದ ಗೆರೆ (ಒಂದು ಸಂಜೆ)

ನೋಟ್‌ಬುಕ್‌ನ ಮಧ್ಯದ ಎರಡು ಪುಟ ಬಿಡಿಸಿ ಅಡ್ಡಗೆರೆ ಎಳೆಯಿರಿ. ಈ ಕ್ರಮದಲ್ಲಿ ಗುರುತು ಹಾಕಿ: ಅಬ್ರಹಾಮ, ಐಗುಪ್ತದಿಂದ ಬಿಡುಗಡೆ, ದಾವೀದ, ಸುಮಾರು ಕ್ರಿ.ಪೂ. 1000, ಸೊಲೊಮೋನನ ನಂತರ ರಾಜ್ಯ ಎರಡಾದದ್ದು, ಸುಮಾರು ಕ್ರಿ.ಪೂ. 930, ಅಶ್ಶೂರದವರಿಗೆ ಉತ್ತರ ರಾಜ್ಯದ ರಾಜಧಾನಿ ಸಮಾರ್ಯ ಬಿದ್ದದ್ದು, ಕ್ರಿ.ಪೂ. 722, ಬಾಬೆಲಿನವರಿಗೆ ಯೆರೂಸಲೇಮ್ ಬಿದ್ದದ್ದು, ಕ್ರಿ.ಪೂ. 586, ಪರ್ಷಿಯದ ಅರಸ ಕೋರೆಷನ ಅಪ್ಪಣೆಯಿಂದ ಜನ ಮರಳಿದ್ದು, ಕ್ರಿ.ಪೂ. 538. ಮೊದಲ ಎರಡಕ್ಕೆ ಇಸವಿ ಬರೆಯಬೇಡಿ, ಪಂಡಿತರಲ್ಲೇ ಒಮ್ಮತವಿಲ್ಲ.

ಈ ಎರಡು ಪುಟ ಇಲ್ಲದೆ ಮುಂದೆ ಹೋದವರು ಪ್ರವಾದಿಗಳ ಪುಸ್ತಕಕ್ಕೆ ಬಂದಾಗ ಕತ್ತಲಲ್ಲಿ ತಡಕಾಡುತ್ತಾರೆ. ಇದೊಂದು ಹಂತ ಹಾರಿಸಿದ್ದಕ್ಕೆ ನಮ್ಮ ಕೂಟ ಒಮ್ಮೆ ಪೂರ್ತಿ ಬರಖಾಸ್ತಾಯಿತು.

ಹಂತ 3: ರೂತಳಿಂದ ಕೈ ಪಳಗಿಸಿಕೊಳ್ಳಿ (ನಾಲ್ಕು ದಿನ)

ನಾಲ್ಕೇ ಅಧ್ಯಾಯ. ಹೊಲ, ಸುಗ್ಗಿ, ಕಣ, ಅತ್ತೆ, ಸೊಸೆ. ನಮ್ಮ ಕಡೆಯವರಿಗೆ ಇದಕ್ಕಿಂತ ಹತ್ತಿರದ ಪುಸ್ತಕ ಇಲ್ಲ.

ಮೊದಲ ದಿನ ನಾಲ್ಕೂ ಅಧ್ಯಾಯ ಒಂದೇ ಸಲ ಓದಿ. ಗೆರೆ ಎಳೆಯಬೇಡಿ, ಸುಮ್ನೆ ಕಥೆ ಕೇಳಿ.

ಎರಡನೇ ದಿನ ಎರಡನೇ ಅಧ್ಯಾಯಕ್ಕೆ ಮರಳಿ. ರೂತಳು ಬೋವಜನ ಹೊಲದಲ್ಲಿ ಹಕ್ಕಲಾಯುತ್ತಾಳೆ. ಕೂಟದಲ್ಲಿ ಕಾಲೇಜು ಓದುವ ಹುಡುಗಿಯೊಬ್ಬಳು ಹಕ್ಕಲು ಅಂದರೇನು ಎಂದು ಕೇಳಿದಳು. ವಿಜಯಪುರದ ಕಡೆಯಿಂದ ಮಗನ ಮನೆಗೆ ಬಂದಿದ್ದ ಅಜ್ಜಿಯೊಬ್ಬರು ನಕ್ಕರು. "ಜ್ವಾಳ ಕೊಯ್ದ ಮ್ಯಾಲ ಹೊಲದಾಗ ತೆನಿ ಬಿದ್ದಿರ್ತಾವಲ್ಲವ್ವಾ, ಅವನ್ನ ಆರಿಸ್ಕೊಂಡ ಬರೂದು. ನಾ ಸಣ್ಣಾಕಿದ್ದಾಗ ಅದರಾಗ ಬದುಕೀವಿ." ಅದಾದ ಮೇಲೆ ಯಾರೂ ಆ ಅಧ್ಯಾಯವನ್ನು ಬರೀ ಕಥೆ ಎಂದು ಓದಲಿಲ್ಲ.

ಈಗ ಯಾಜಕಕಾಂಡ 19:9-10 ಮತ್ತು ಧರ್ಮೋಪದೇಶಕಾಂಡ 24:19-21 ತೆಗೆಯಿರಿ. ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡ, ಬಿದ್ದ ತೆನೆ ಆರಿಸಬೇಡ, ದ್ರಾಕ್ಷಿ ತೋಟದಲ್ಲಿ ಎರಡನೇ ಸಲ ಹುಡುಕಬೇಡ, ಬಡವರಿಗೂ ಪರದೇಶಿಗೂ ಬಿಡು ಎಂದಿದೆ. ರೂತಳು ಬದುಕಿದ್ದು ಈ ಕಾನೂನಿನಿಂದ. ನಿಮ್ಮನ್ನು ಮಲಗಿಸಿದ ಯಾಜಕಕಾಂಡ ಇಲ್ಲಿ ಒಂದು ಹೊಟ್ಟೆ ತುಂಬಿಸಿದೆ.

ಮೂರನೇ ದಿನ ಧರ್ಮೋಪದೇಶಕಾಂಡ 23:3 ಓದಿ. ಮೋವಾಬ್ಯರು ಯೆಹೋವನ ಸಭೆಗೆ ಸೇರಬಾರದು ಎಂದಿದೆ. ರೂತಳು ಮೋವಾಬ್ಯಳು. ಪುಸ್ತಕದ ಕೊನೆಯಲ್ಲಿ ಅವಳು ದಾವೀದನ ಮುತ್ತಜ್ಜಿ. ಇದನ್ನು ಆ ಪುಸ್ತಕ ಬಗೆಹರಿಸಿ ಹೇಳುವುದಿಲ್ಲ, ನೀವೂ ಅವಸರಪಟ್ಟು ಬಗೆಹರಿಸಬೇಡಿ. ನಾಲ್ಕನೇ ದಿನ ಮತ್ತಾಯ 1:5. ಯೇಸುವಿನ ವಂಶಾವಳಿಯಲ್ಲಿ ಅವಳ ಹೆಸರಿದೆ.

ಕಾನೂನು, ಕಥೆ, ಸುವಾರ್ತೆ ಮೂರೂ ಗುಳೇದಗುಡ್ಡದ ಖಣದಲ್ಲಿ ನೂಲು ಹಾಸುಹೊಕ್ಕಾದ ಹಾಗೆ ಕೂಡಿರುವುದು ಇಲ್ಲಿ ಕಣ್ಣಿಗೆ ಬೀಳುತ್ತದೆ. ಬಿದ್ದಿಲ್ಲವೆಂದರೆ ಇನ್ನೊಂದು ವಾರ ರೂತಳಲ್ಲೇ ಇರಿ.

ಹಂತ 4: ಕಥೆಯ ಹೆದ್ದಾರಿ (ಸುಮಾರು ನಾಲ್ಕೂವರೆ ತಿಂಗಳು)

ಈಗ ಕಥೆ ಎಲ್ಲಿ ಮುಂದೆ ಸಾಗುತ್ತದೋ ಅಷ್ಟನ್ನೇ ಓದಬೇಕು. ಆದಿಕಾಂಡ ಪೂರ್ತಿ. ವಿಮೋಚನಕಾಂಡ 1ರಿಂದ 24, ಆಮೇಲೆ 32ರಿಂದ 34, ಕೊನೆಗೆ 40. ಅರಣ್ಯಕಾಂಡ 11ರಿಂದ 14, 20ರಿಂದ 24. ಧರ್ಮೋಪದೇಶಕಾಂಡ 1ರಿಂದ 11, 29ರಿಂದ 34. ಯೆಹೋಶುವದಲ್ಲಿ 1ರಿಂದ 11, 22ರಿಂದ 24. ನಡುವೆ ಜಮೀನು ಹಂಚಿಕೆಯ ಪಟ್ಟಿ ಇದೆ, ಸದ್ಯ ಬಿಡಿ. ನ್ಯಾಯಸ್ಥಾಪಕರು, ಸಮುವೇಲನ ಎರಡು, ಅರಸುಗಳ ಎರಡು, ಎಜ್ರ, ನೆಹೆಮೀಯ ಪೂರ್ತಿ. ಪೂರ್ವಕಾಲವೃತ್ತಾಂತ ಬೇಡ, ಅದು ಬಹುಪಾಲು ಅದೇ ಕಾಲದ ಕಥೆಯನ್ನು ಇನ್ನೊಂದು ಕಣ್ಣಿನಿಂದ ಹೇಳುತ್ತದೆ. ಎರಡನೇ ಸುತ್ತಿಗೆ ಇರಲಿ.

ದಿನಕ್ಕೆ ಎರಡು ಅಧ್ಯಾಯ, ಜೊತೆಗೆ ಒಂದು ಕೀರ್ತನೆ.

ಹಾರಿಸಿ ಓದುವುದು ಪಾಪವೇ ಎಂದು ಒಬ್ಬ ತಾಯಿ ಕಣ್ಣೀರು ಹಾಕಿಕೊಂಡೇ ಕೇಳಿದ್ದರು. ಹಾರಿಸುತ್ತಿಲ್ಲ ತಾಯಿ, ಮುಂದೂಡುತ್ತಿದ್ದೇವೆ.

ತಪ್ಪು ಆಗುವ ಜಾಗ: ಸತ್ಯವೇದದಲ್ಲಿ ನಡೆದದ್ದೆಲ್ಲ ಸತ್ಯವೇದ ಮೆಚ್ಚಿದ್ದು ಎಂದುಕೊಳ್ಳುವುದು. ಯಾಕೋಬ ಅಣ್ಣನಿಗೆ ಮೋಸ ಮಾಡಿದ, ದಾವೀದ ಊರೀಯನನ್ನು ಕೊಲ್ಲಿಸಿದ. ನ್ಯಾಯಸ್ಥಾಪಕರು 19 ಓದಿದರೆ ರಾತ್ರಿ ನಿದ್ದೆ ಬರುವುದಿಲ್ಲ. ಆ ಪುಸ್ತಕದ ಕೊನೆಯ ವಚನ ನೋಡಿ: ಅರಸನಿರಲಿಲ್ಲ, ಪ್ರತಿಯೊಬ್ಬನೂ ತನಗೆ ಸರಿ ಕಂಡಂತೆ ನಡೆದ ಎಂದು ದೂರುತ್ತಿದೆ.

ಇನ್ನೊಂದು ನಮ್ಮ ಭಾಷೆಯಿಂದಲೇ ಬರುವ ತಪ್ಪು. ಧರ್ಮೋಪದೇಶಕಾಂಡ 11:14ರಲ್ಲಿ ಮುಂಗಾರು, ಹಿಂಗಾರು ಎಂದು ಓದಿದಾಗ ಜೂನ್ ತಿಂಗಳ ಮಳೆ ನೆನಪಾಗುತ್ತದೆ. ಅಲ್ಲಿಯ ಮೊದಲ ಮಳೆ ಬೀಳುವುದು ಅಕ್ಟೋಬರ್, ನವೆಂಬರ್‌ನಲ್ಲಿ, ಅಂದರೆ ನಮ್ಮ ಹಿಂಗಾರಿನ ಹೊತ್ತಿಗೆ. ಕೊನೆಯ ಮಳೆ ಮಾರ್ಚ್, ಏಪ್ರಿಲ್‌ನಲ್ಲಿ. ಬೇಸಿಗೆ ಪೂರ್ತಿ ಒಣ. ಇದನ್ನು ಕಾಲದ ಗೆರೆಯ ಪುಟದ ಮೂಲೆಯಲ್ಲಿ ಬರೆದುಕೊಂಡರೆ ಪಸ್ಕ, ಸುಗ್ಗಿ ಹಬ್ಬ ಯಾವಾಗ ಬರುತ್ತವೆ, ಏಕೆ ಬರುತ್ತವೆ ಎಂಬುದು ತಿಳಿಯುತ್ತದೆ.

ಹಂತ 5: ಮೂರು ಪ್ರಶ್ನೆ, ಇದೇ ಕ್ರಮದಲ್ಲಿ (ಪ್ರತಿ ದಿನ)

ಓದಿದ ಮೇಲೆ ಮೂರು ಸಾಲು ಬರೆಯಬೇಕು. ಒಂದು: ಇದನ್ನು ಮೊದಲು ಕೇಳಿದವರು ಯಾರು, ಅವರ ಪಾಡೇನಿತ್ತು? ಎರಡು: ಸತ್ಯವೇದದ ಬೇರೆ ಪುಸ್ತಕಗಳು, ಕೊನೆಗೆ ಕ್ರಿಸ್ತನು, ಇದನ್ನು ಹೇಗೆ ಎತ್ತಿಕೊಂಡರು? ಮೂರು: ನನಗೇನು?

ನಾವೆಲ್ಲ ಮೂರನೆಯದಕ್ಕೇ ಮೊದಲು ಹಾರುತ್ತೇವೆ. ಇಡೀ ಮಾರ್ಗದರ್ಶಿಯಲ್ಲಿ ಒಂದೇ ಮಾತು ನೆನಪಿಡುವುದಾದರೆ, ಹಾಗೆ ಹಾರಬೇಡಿ ಎಂಬುದನ್ನು ನೆನಪಿಡಿ.

ಉದಾಹರಣೆಗೆ ಯೆರೆಮೀಯ 29:11. ಹೊಸ ವರ್ಷದ ವಾಗ್ದಾನದ ಕಾರ್ಡಿನಲ್ಲಿ, ಕ್ಯಾಲೆಂಡರಿನಲ್ಲಿ, ಕಾರಿನ ಗಾಜಿನ ಮೇಲೆ ಇದೇ ವಚನ. ನಿಮ್ಮ ವಿಷಯದಲ್ಲಿ ದೇವರಿಗೆ ಒಳ್ಳೆಯ ಯೋಚನೆ ಇದೆ ಎಂಬ ಮಾತು. ಕೆಲಸ ಸಿಗುತ್ತದೆ, ಸಾಲ ತೀರುತ್ತದೆ ಎಂದು ಅದನ್ನು ಹಿಡಿದುಕೊಂಡವರು ಮಾರ್ಚ್‌ಗೆ ಬೇಸರವಾಗುತ್ತಾರೆ.

ಹಿಂದಿನ ಹತ್ತು ವಚನ ಓದಿ. ಅದು ಒಂದು ಕಾಗದ. ಊರು ಕಳೆದುಕೊಂಡು ಬಾಬೆಲಿಗೆ ಸೆರೆಹೋದವರಿಗೆ ಬರೆದದ್ದು. ಬೇಗ ಮರಳುತ್ತೀರಿ ಎಂದು ಸುಳ್ಳು ಪ್ರವಾದಿಗಳು ಹೇಳುತ್ತಿದ್ದರು. ಯೆರೆಮೀಯ ಹೇಳಿದ್ದು ಬೇರೆ: ಅಲ್ಲೇ ಮನೆ ಕಟ್ಟಿ, ತೋಟ ಹಾಕಿ, ಮಕ್ಕಳ ಮದುವೆ ಮಾಡಿ, ಆ ಊರಿನ ಕ್ಷೇಮಕ್ಕೆ ಪ್ರಾರ್ಥಿಸಿ, ಎಪ್ಪತ್ತು ವರ್ಷ ಆಗುತ್ತದೆ. ಕಾಗದ ಕೇಳಿದವರಲ್ಲಿ ಹೆಚ್ಚಿನವರು ಮರಳುವುದನ್ನು ನೋಡಲು ಬದುಕಿರಲಾರರು.

ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಬಂದ ಮನೆತನದವರು ನಮ್ಮ ಕೂಟದಲ್ಲಿದ್ದಾರೆ. ಸೆರೆ ಬೇರೆ, ಮುಳುಗಡೆ ಬೇರೆ. ಎರಡನ್ನೂ ಒಂದು ಮಾಡುವುದಿಲ್ಲ. ಆದರೆ ಹೊಸ ಜಾಗದಲ್ಲಿ ಗಿಡ ನೆಡಲು ಎಷ್ಟು ವರ್ಷ ಮನಸ್ಸು ಬರಲಿಲ್ಲ ಎಂದು ಅವರ ಮನೆಯ ಹಿರಿಯರು ಹೇಳಿದ ದಿನ, ತೋಟ ಹಾಕಿ ಎಂಬ ಆ ಒಂದು ಮಾತು ಎಲ್ಲರಿಗೂ ಬೇರೆಯಾಗಿ ಕೇಳಿಸಿತು. ಮೊದಲ ಪ್ರಶ್ನೆಯಲ್ಲಿ ಇಷ್ಟು ಹೊತ್ತು ನಿಂತರೆ ಮೂರನೆಯದು ತಾನಾಗಿ ಬರುತ್ತದೆ.

ಹಂತ 6: ಈಗ ಯಾಜಕಕಾಂಡ

ಎಲ್ಲ 27 ಅಧ್ಯಾಯ ಒಟ್ಟಿಗೆ ಬೇಡ. 1, 16, 19, 23, 25 ಈ ಐದನ್ನು ಮೊದಲು ಓದಿ. ಬಲಿ, ದೋಷಪರಿಹಾರದ ದಿನ, ನೆರೆಯವನನ್ನು ಪ್ರೀತಿಸುವುದು, ಹಬ್ಬಗಳು, ಐವತ್ತನೇ ವರ್ಷದ ಬಿಡುಗಡೆ. 16 ಓದಿದ ದಿನವೇ ಇಬ್ರಿಯರಿಗೆ 9 ಮತ್ತು 10 ಓದಿ. 25 ಓದಿದ ದಿನ ಲೂಕ 4:16-21. ಆಮೇಲೆ ಉಳಿದದ್ದು ಓದಿದರೆ ಭಾರ ಅನ್ನಿಸುವುದಿಲ್ಲ. ಗುಡಾರದ ಪರದೆ, ಕೊಂಡಿಗಳೂ ಈಗ ಸಹ್ಯವಾಗುತ್ತವೆ.

"ಇದರಲ್ಲಿ ಯಾವುದು ನಮಗೆ ಅನ್ವಯ?" ಈ ಪ್ರಶ್ನೆ ಬಂದೇ ಬರುತ್ತದೆ. ನೀತಿಯ ಕಾನೂನು, ಆಚರಣೆಯ ಕಾನೂನು, ಆಡಳಿತದ ಕಾನೂನು ಎಂದು ಮೂರು ಭಾಗ ಮಾಡುವ ರೂಢಿ ಇದೆ. ಉಪಯೋಗದ ರೂಢಿಯೇ. ಆದರೆ ಯಾಜಕಕಾಂಡ 19ರಲ್ಲಿ ನೆರೆಯವನ ಪ್ರೀತಿ 18ನೇ ವಚನ, ಎರಡು ಬಗೆಯ ನೂಲಿನ ಬಟ್ಟೆ 19ನೇ ವಚನ. ಪಕ್ಕಪಕ್ಕ ಕೂತಿವೆ, ನಡುವೆ ಗೋಡೆಯಿಲ್ಲ. ಹಾಗಾಗಿ ಎರಡು ಕೆಲಸ ಮಾಡಿ. ಹೊಸ ಒಡಂಬಡಿಕೆ ನೇರವಾಗಿ ತೀರ್ಮಾನ ಕೊಟ್ಟಿದೆಯೇ ನೋಡಿ: ಆಹಾರಕ್ಕೆ ಮಾರ್ಕ 7, ಸುನ್ನತಿಗೆ ಅಪೊಸ್ತಲರ ಕೃತ್ಯಗಳು 15, ಬಲಿಗೆ ಇಬ್ರಿಯರಿಗೆ 10. ಇಲ್ಲವಾದರೆ, ಈ ಕಾನೂನು ಯಾರನ್ನು ಕಾಯುತ್ತಿತ್ತು ಎಂದು ಕೇಳಿ.

ಧರ್ಮೋಪದೇಶಕಾಂಡ 22:8 ತೆಗೆಯಿರಿ. ಹೊಸ ಮನೆ ಕಟ್ಟಿದರೆ ಮಾಳಿಗೆಯ ಸುತ್ತ ಅಡ್ಡಗೋಡೆ ಕಟ್ಟಬೇಕು, ಯಾರಾದರೂ ಬಿದ್ದು ಸತ್ತರೆ ರಕ್ತಾಪರಾಧ ನಿನ್ನ ಮೇಲೆ ಎಂದಿದೆ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಹಾಸಿಗೆ ಹಾಸಿ ಮಲಗುವ ನಮ್ಮ ಜಿಲ್ಲೆಗಳ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕೇ? ಸಾವಿರಾರು ವರ್ಷ ದಾಟಿ ಬಂದ ಮಾತು ಅನ್ನಿಸುವುದಿಲ್ಲ. ತೆರೆದ ಬೋರ್‌ವೆಲ್, ನೇತಾಡುವ ಕರೆಂಟ್ ವೈರು ಕೂಡ ಇದೇ ವಚನದಡಿ ಬರುತ್ತವೆ ಎಂದು ನಮ್ಮ ಕೂಟದ ಎಲೆಕ್ಟ್ರಿಷಿಯನ್ ಹೇಳಿದ. ಸರಿಯಾಗಿಯೇ ಹೇಳಿದ.

ಹಂತ 7: ಹಾಡುಗಳು

ಹೀಬ್ರೂ ಪದ್ಯದಲ್ಲಿ ಪ್ರಾಸಕ್ಕಿಂತ ಅರ್ಥದ ಜೋಡಿ ಮುಖ್ಯ. ಮೊದಲ ಸಾಲು ಹೇಳಿದ್ದನ್ನು ಎರಡನೆಯದು ಬೇರೆ ಮಾತಲ್ಲಿ ಹೇಳುತ್ತದೆ, ಇಲ್ಲವೇ ತಿರುಗಿಸಿ ಹೇಳುತ್ತದೆ. ಎರಡನ್ನೂ ಸೇರಿಸಿ ಒಂದೇ ಮಾತೆಂದು ಓದಿ, ಎರಡು ಬೇರೆ ಬೋಧನೆ ಹುಡುಕಬೇಡಿ.

ಕೀರ್ತನೆ 22ನ್ನು ಪೂರ್ತಿ ಓದಿ. ಶಿಲುಬೆಯ ಮೇಲೆ ಯೇಸು ಕೂಗಿದ್ದು ಅದರ ಮೊದಲ ಸಾಲು. ಆ ಹಾಡು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಗೊತ್ತಿಲ್ಲದೆ ಶುಭ ಶುಕ್ರವಾರದ ಪ್ರಸಂಗ ಎಷ್ಟು ಕೇಳಿದ್ದೆನೋ. ಕೀರ್ತನೆ 88 ಕತ್ತಲಲ್ಲೇ ಮುಗಿಯುತ್ತದೆ, ಸಮಾಧಾನದ ಸಾಲಿಲ್ಲ. ಮನೆಯಲ್ಲಿ ಸಾವಾದವರಿಗೆ ನಾನು ಅದನ್ನೇ ಓದಲು ಹೇಳುತ್ತೇನೆ.

ಹಂತ 8: ಪ್ರವಾದಿಗಳು, ಕಾಲದ ಗೆರೆ ಬಿಚ್ಚಿಟ್ಟುಕೊಂಡು

ಯೆಶಾಯದಿಂದ ಶುರು ಮಾಡಿದರೆ 66 ಅಧ್ಯಾಯ ಸುಸ್ತು ಮಾಡುತ್ತವೆ. ಆಮೋಸನಿಂದ ಶುರು ಮಾಡಿ, ಒಂಬತ್ತೇ ಅಧ್ಯಾಯ. ಕಾಲದ ಗೆರೆಯಲ್ಲಿ ಅವನನ್ನು 722ಕ್ಕಿಂತ ಮುಂಚೆ ಬರೆಯಿರಿ. ದನಕುರಿ ಕಾಯುವವನು, ಅತ್ತಿಹಣ್ಣು ಕೀಳುವವನು. ತೂಕದಲ್ಲಿ ಮೋಸ ಮಾಡಿ, ಹೊಟ್ಟು ಬೆರೆಸಿ ಗೋಧಿ ಮಾರುವವರನ್ನು ಹೆಸರಿಟ್ಟು ಬೈದಂತೆ ಬೈಯುತ್ತಾನೆ. ಎಪಿಎಂಸಿಗೆ ಮಾಲು ಒಯ್ದವರಿಗೆ 8ನೇ ಅಧ್ಯಾಯ ಬೇಗ ಹತ್ತುತ್ತದೆ.

ಆಮೇಲೆ ಹೋಶೇಯ, ಮೀಕ, ಯೆಶಾಯ, ಯೆರೆಮೀಯ, ಯೆಹೆಜ್ಕೇಲ, ಕೊನೆಗೆ ಮರಳಿ ಬಂದವರ ಕಾಲದ ಹಗ್ಗಾಯ, ಜೆಕರ್ಯ, ಮಲಾಕಿಯ. ಯೆಶಾಯ 5ರ ದ್ರಾಕ್ಷಿತೋಟದ ಹಾಡನ್ನು ಮಾರ್ಕ 12ರ ಜೊತೆ ಇಟ್ಟು ಓದಿ. ತಿಕೋಟಾ ಕಡೆ ದ್ರಾಕ್ಷಿ ಬೆಳೆದ ಒಬ್ಬರಿಗೆ ಅಲ್ಲಿಯ ಕಲ್ಲು ಆರಿಸುವ ಕೆಲಸದ ಮಾತು ಕಂಡು ಖುಷಿಯಾಗಿತ್ತು. ಅಷ್ಟು ಖರ್ಚು, ಅಷ್ಟು ದುಡಿಮೆ ಆದ ಮೇಲೆ ಕಾಡುದ್ರಾಕ್ಷಿ ಬಿಟ್ಟರೆ ಬೆಳೆಗಾರನಿಗೆ ಏನಾಗುತ್ತದೆ ಎಂಬುದನ್ನು ಅವರಷ್ಟು ಚೆನ್ನಾಗಿ ಯಾವ ಪ್ರಸಂಗವೂ ನನಗೆ ತಿಳಿಸಿಲ್ಲ.

ತಪ್ಪು ಆಗುವ ಜಾಗ: ಬೆಳಗಿನ ಪೇಪರು ಪಕ್ಕದಲ್ಲಿಟ್ಟುಕೊಂಡು ಯೆಹೆಜ್ಕೇಲ 38ರಲ್ಲಿ ಇಂದಿನ ದೇಶಗಳ ಹೆಸರು ಹುಡುಕುವುದು. ಯೂಟ್ಯೂಬ್‌ನಲ್ಲಿ ಇದು ಜಾಸ್ತಿ. ಮೊದಲ ಪ್ರಶ್ನೆಯನ್ನೇ ಕೇಳದ ಓದು ಅದು.

ಎಚ್ಚರಿಕೆಯ ಗುರುತುಗಳು

ಹಳೆಯದರಲ್ಲಿ ಕೋಪದ ದೇವರು, ಹೊಸದರಲ್ಲಿ ಪ್ರೀತಿಯ ದೇವರು ಎಂಬ ಮಾತು ನಿಮ್ಮ ಬಾಯಲ್ಲಿ ಬಂದರೆ ನಿಲ್ಲಿ. ಎರಡನೇ ಶತಮಾನದಲ್ಲಿ ಮಾರ್ಸಿಯನ್ ಎಂಬವನು ಹಳೆಯ ಒಡಂಬಡಿಕೆಯನ್ನೇ ಬಿಟ್ಟುಬಿಡಲು ಹೊರಟಿದ್ದ, ರೋಮಿನ ಸಭೆ ಅವನನ್ನು ಹೊರಗೆ ಹಾಕಿತು. ವಿಮೋಚನಕಾಂಡ 34:6 ಓದಿ, ಯೋನ 4:2 ಓದಿ.

ಪ್ರತಿ ಕಟ್ಟಿಗೆ ಶಿಲುಬೆ, ಪ್ರತಿ ಕೆಂಪು ದಾರ ರಕ್ತ ಎಂದು ಕಾಣತೊಡಗಿದರೆ ಎರಡನೇ ಪ್ರಶ್ನೆ ಹದ ಮೀರಿದೆ. ಹೊಸ ಒಡಂಬಡಿಕೆಯೇ ಜೋಡಿಸಿದ ಕಡೆ ಧೈರ್ಯವಾಗಿ ಜೋಡಿಸಿ, ಉಳಿದ ಕಡೆ ಪೆನ್ಸಿಲ್‌ನಲ್ಲಿ ಬರೆಯಿರಿ.

ಯೆಹೂದ್ಯರ ಬಗ್ಗೆ ತಾತ್ಸಾರ ಬಂದರೆ ಓದು ಕೆಟ್ಟಿದೆ. ಈ ಗ್ರಂಥವನ್ನು ಅಕ್ಷರ ಅಕ್ಷರ ಎಣಿಸಿ ಕಾಪಾಡಿದವರು ಅವರು. ಇಂದಿಗೂ ಅವರಿಗೆ ಇದು "ಹಳೆಯದು" ಅಲ್ಲ.

ಯೆಹೋಶುವನ ಯುದ್ಧಗಳು, ಕೀರ್ತನೆ 137ರ ಕೊನೆಯ ವಚನ ಸುಲಭವಾಗಿ ಅರ್ಥವಾಯಿತು ಅನ್ನಿಸಿದರೂ ಅನುಮಾನಪಡಿ. ನನಗೆ ಇನ್ನೂ ಅಲ್ಲಿ ಗಂಟಲು ಕಟ್ಟುತ್ತದೆ. ನೋಟ್‌ಬುಕ್‌ನ ಹಿಂದಿನ ಪುಟಗಳು ಇಂಥ ಪ್ರಶ್ನೆಗಳಿಗೇ ಇರಲಿ.

ಬಿಟ್ಟುಹೋದರೆ

ಹತ್ತು ದಿನ ತಪ್ಪಿತು ಎಂದು ಒಂದೇ ರಾತ್ರಿ ಇಪ್ಪತ್ತು ಅಧ್ಯಾಯ ಓದಲು ಕೂರಬೇಡಿ. ಹಾಗೆ ಮಾಡಿದವರು ಹನ್ನೊಂದನೇ ದಿನ ಪೂರ್ತಿ ಬಿಟ್ಟಿದ್ದಾರೆ. ನಿಂತ ಜಾಗದ ಅಂಚಿನಲ್ಲಿ ಇವತ್ತಿನ ತಾರೀಖು ಬರೆದು, ಹಿಂದಿನ ಒಂದು ಅಧ್ಯಾಯ ಜೋರಾಗಿ ಓದಿ, ಅಲ್ಲಿಂದ ಮುಂದೆ ಹೋಗಿ. ನೆಹೆಮೀಯ 8ರಲ್ಲಿ ಜನ ಕೇಳಿದ್ದೂ ಹಾಗೇ, ಒಬ್ಬರು ಜೋರಾಗಿ ಓದಿದರು, ಕೆಲವರು ಅರ್ಥ ಬಿಡಿಸಿ ಹೇಳಿದರು. ಮನೆಯಲ್ಲಿ ಕಣ್ಣು ಮಂಜಾದ ಹಿರಿಯರಿದ್ದರೆ ಅವರ ಪಕ್ಕದಲ್ಲೇ ಕೂತು ಓದಿ. ಕಣ, ಹಕ್ಕಲು, ನೊಗ, ಬಾವಿ ಹಗ್ಗ ಬಂದಾಗ ಅರ್ಥ ಹೇಳುವವರು ಅವರೇ.